ಸೂಪರ್‌ಚಾರ್ಜರ್ ಕಾರಿಗೆ ಪಿಗ್ಗಿಬ್ಯಾಕೋ, ಸ್ಟ್ಯಾಂಡ್‌ಅಲೋನೋ?

ಸೂಪರ್‌ಚಾರ್ಜರ್ ಎಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪ್. ಅದಕ್ಕೆ ತಕ್ಕಂತೆ ಎಂಜಿನ್ ಹೊಂದಿಸಲು ಈ ಎರಡು ಬಗೆಯ ನಿಯಂತ್ರಕಗಳಿವೆ. ಪಿಗ್ಗಿಬ್ಯಾಕ್ ಮೂಲ ಇಸಿಯುವನ್ನು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಉಳಿಸಿಕೊಂಡು, ಸೆನ್ಸರ್ ಸಂಕೇತಗಳನ್ನು ನಡುವೆ ತಿದ್ದಿ ಕಳುಹಿಸುತ್ತದೆ. ಎಸಿ, ಇಮೊಬಿಲೈಸರ್ ಎಲ್ಲ ಮೊದಲಿನಂತೆಯೇ. ಆದರೆ ಹಗುರ ಓಟದಲ್ಲಿ ಮೂಲ ಇಸಿಯು ಆಕ್ಸಿಜನ್ ಸೆನ್ಸರನ್ನು ನಂಬಿ ನಿಮ್ಮ ತಿದ್ದುಪಡಿಯನ್ನು ಮೆಲ್ಲಗೆ ಅಳಿಸಿಬಿಡಬಲ್ಲದು.

ಸ್ಟ್ಯಾಂಡ್‌ಅಲೋನ್ ಮೂಲ ಇಸಿಯುವಿನ ಬದಲಿಗೆ ನಿಂತು ಇಂಧನ, ಇಗ್ನಿಷನ್ ಎರಡನ್ನೂ ತಾನೇ ಆಳುತ್ತದೆ. ಬೂಸ್ಟ್ (ಸೂಪರ್‌ಚಾರ್ಜರ್ ಸೇರಿಸುವ ಹೆಚ್ಚುವರಿ ಗಾಳಿಯೊತ್ತಡ) ಏರಿದಂತೆ ಕಿಡಿಯ ಟೈಮಿಂಗ್ ಹಿಂದಕ್ಕೆ ಸರಿಸಿ ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ತಡೆಯುವುದು, ದೊಡ್ಡ ಇಂಜೆಕ್ಟರ್ ನಿಭಾಯಿಸುವುದು, ಒಳಬರುವ ಗಾಳಿ ಕಾದಾಗ ಇನ್ನಷ್ಟು ಎಚ್ಚರ ವಹಿಸುವುದು, ಎಲ್ಲಕ್ಕೂ ಅವಕಾಶವಿದೆ. 0.7 ಬಾರ್ ಬೂಸ್ಟ್ ಎಂದರೆ ವಾತಾವರಣದ ಒತ್ತಡವೂ ಸೇರಿ ಒಟ್ಟು ಒತ್ತಡ ಸುಮಾರು 1.7 ಬಾರ್, 1 ಬಾರ್ ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್) ಅದನ್ನು ಅಳೆಯಲಾರದು, 2 ಬಾರ್‌ನದು ಬೇಕು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವುದು, ಐಡಲ್ ಸಹ ಹೊಸದಾಗಿ ಹೊಂದಿಸಬೇಕು. ತಾಳ್ಮೆ ಕೆಡಿಸುವುದು ಇದೇ. ಅನುಭವಿ ಟ್ಯೂನರ್ ಮತ್ತು ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಇಲ್ಲದಿದ್ದರೆ ಕೈಹಾಕಬೇಡಿ.

ಕಡಿಮೆ ಬೂಸ್ಟ್‌ನ ದಿನಬಳಕೆಯ ಕಾರಿಗೆ ಪಿಗ್ಗಿಬ್ಯಾಕ್ ಸಾಕು. ಮುಂದೆ ಸೂಪರ್‌ಚಾರ್ಜರ್‌ಗೆ ಚಿಕ್ಕ ಪುಲ್ಲಿ (ಬೆಲ್ಟ್ ಚಕ್ರ) ಹಾಕಿ ಬೂಸ್ಟ್ ಏರಿಸುವ ಆಸೆಯಿದ್ದರೆ ಈಗಲೇ ಸ್ಟ್ಯಾಂಡ್‌ಅಲೋನ್ ಕೊಳ್ಳಿ.