ಪೋರ್ಷೆ 718 ಕೇಮನ್ ದಿನಬಳಕೆಗೆ: 20 ಇಂಚಿನ ಚಕ್ರ ಬೇಡವೇ ಬೇಡ

ಅಶ್ವಶಕ್ತಿ, ಟಾರ್ಕ್, ನೂರು ಮುಟ್ಟುವ ಸೆಕೆಂಡು, ಇವನ್ನೆಲ್ಲ ಕೊಳ್ಳುವವರು ಮೊದಲೇ ಓದಿಕೊಂಡಿರುತ್ತಾರೆ. ಇಲ್ಲಿ ಅದು ಬೇಡ. ದಿನಾ ಓಡಿಸುವಾಗ ಈ ಕಾರು ಹಿತವೋ ಹಿಂಸೆಯೋ ಎಂದು ತೀರ್ಮಾನಿಸುವುದು ಟೈರ್‌ನ ಸೈಡ್‌ವಾಲ್, ಅಂದರೆ ರಿಮ್‌ನಿಂದ ನೆಲಕ್ಕೆ ತಾಗುವ ಪಟ್ಟಿಯವರೆಗಿನ ರಬ್ಬರಿನ ಪಕ್ಕದ ಗೋಡೆ. ಷೋರೂಮಿನಲ್ಲಿ ದೊಡ್ಡ ಚಕ್ರ ಚೆನ್ನಾಗಿ ಕಾಣುತ್ತದೆ ಅಂತ ಆರಿಸಿಕೊಂಡವರು ಇಡೀ ಗಾಡಿಯನ್ನೇ ಗಡುಸು ಅಂತ ಬೈಯುತ್ತಾರೆ. ಅದು ಕೇಮನ್‌ಗೆ ಅನ್ಯಾಯ.

ಲೆಕ್ಕ ಸರಳ. 20 ಇಂಚಿಗೆ ಮುಂದೆ 235/35, ಹಿಂದೆ 265/35 ಟೈರ್ ಬರುತ್ತದೆ. 235 ಮಿ.ಮೀ. ಅಗಲದಲ್ಲಿ ಶೇ. 35 ಅಂದರೆ ಮುಂದಿನ ಸೈಡ್‌ವಾಲ್ ಬರೀ 82 ಮಿ.ಮೀ. ಎತ್ತರ. 18 ಇಂಚಿಗೆ 235/45 ಮತ್ತು 265/45; ಅಲ್ಲಿ ಮುಂದೆ 106, ಹಿಂದೆ 119 ಮಿ.ಮೀ. ಟೈರ್‌ನ ಒಟ್ಟು ವ್ಯಾಸದಲ್ಲಿ ವ್ಯತ್ಯಾಸ 4 ಮಿ.ಮೀ.ಗೂ ಕಡಿಮೆ, ಆದ್ದರಿಂದ ಸ್ಪೀಡೋಮೀಟರ್‌ಗೆ ಅದು ಗೊತ್ತೇ ಆಗುವುದಿಲ್ಲ. ಬೆನ್ನಿಗೆ ಮಾತ್ರ ಪ್ರತಿ ಕಿಲೋಮೀಟರಿಗೂ ಗೊತ್ತಾಗುತ್ತದೆ.

ಯಾಕೆ ಅಂದರೆ, ರಸ್ತೆಯ ಸಂದುಗಳು, ಮ್ಯಾನ್‌ಹೋಲ್ ಮುಚ್ಚಳದ ಅಂಚು, ಕಿತ್ತುಹೋದ ಡಾಂಬರಿನ ತೇಪೆ ಇಂಥ ಚಿಕ್ಕ, ಚೂಪಾದ ಏಟುಗಳನ್ನು ಶಾಕ್ ಅಬ್ಸಾರ್ಬರ್ ಪೂರ್ತಿ ನುಂಗಲಾರದು. ಅದು ಸರಿಯಾಗಿ ಅಲುಗಾಡುವಷ್ಟರಲ್ಲಿ ಏಟು ಮುಗಿದಿರುತ್ತದೆ. ಅಂಥವನ್ನು ಮೊದಲು ತಿನ್ನುವುದು ಟೈರ್‌ನೊಳಗಿನ ಗಾಳಿ ಮತ್ತು ರಬ್ಬರ್. ಅದಕ್ಕೆ ಮಡಚಿಕೊಳ್ಳಲು 82 ಮಿ.ಮೀ. ಮಾತ್ರ ಕೊಟ್ಟರೆ ಉಳಿದದ್ದು ನೇರವಾಗಿ ಸ್ಟೀರಿಂಗಿಗೆ, ಸೀಟಿಗೆ ಬರುತ್ತದೆ. ಜೊತೆಗೆ ದೊಡ್ಡ ರಿಮ್ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚಾದಷ್ಟೂ ಚಕ್ರ ರಸ್ತೆಯನ್ನು ಹಿಂಬಾಲಿಸುವುದು ನಿಧಾನ.

ಗುಂಡಿಯಲ್ಲಿ ಆಗುವ ನಷ್ಟ ಇನ್ನೂ ಕೆಟ್ಟದು. ಗುಂಡಿಯ ಅಂಚಿಗೂ ರಿಮ್‌ಗೂ ನಡುವೆ ಸೈಡ್‌ವಾಲ್ ಅಡಕತ್ತರಿಗೆ ಸಿಕ್ಕ ಹಾಗೆ ಸಿಕ್ಕಿ ಒಳಗಿನ ನೂಲು ತುಂಡಾಗುತ್ತದೆ, ಮರುದಿನ ಅಲ್ಲಿ ಬುಗುಟೆ ಎದ್ದಿರುತ್ತದೆ. ಬುಗುಟೆ ಬಂದ ಟೈರ್‌ಗೆ ರಿಪೇರಿ ಇಲ್ಲ, ತೆಗೆದು ಬಿಸಾಡುವುದೇ. ಅದು ಒಳಬದಿಯಲ್ಲಿ ಎದ್ದರೆ ಹೊರಗೆ ನಿಂತು ನೋಡುವವರಿಗೆ ಕಾಣುವುದೂ ಇಲ್ಲ. ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಸೀಲೆಂಟ್ ಬಾಟಲಿ ಮತ್ತು ಚಿಕ್ಕ ಕಂಪ್ರೆಸರ್ ಅಷ್ಟೆ. ಸೀಲೆಂಟ್ ಟೈರ್‌ನ ನೆಲಕ್ಕೆ ತಾಗುವ ಪಟ್ಟಿಯಲ್ಲಿ ಮೊಳೆ ಚುಚ್ಚಿದ ಸಣ್ಣ ತೂತನ್ನು ಮುಚ್ಚೀತು, ಸೈಡ್‌ವಾಲ್ ಹರಿದರೆ ಏನೂ ಮಾಡಲಾರದು. ಬಾಟಲಿಯ ಮೇಲಿನ ಅವಧಿ ದಿನಾಂಕವನ್ನು ವರ್ಷಕ್ಕೊಮ್ಮೆ ನೋಡಿ.

ಇನ್ನು ಸದ್ದು. ಎಂಜಿನ್ ಸೀಟಿನ ಬೆನ್ನ ಹಿಂದೆಯೇ ಇದೆ, ಆ ಸದ್ದಿಗೆ ನನ್ನ ತಕರಾರಿಲ್ಲ. ದಣಿಸುವುದು ಟೈರ್‌ನ ಗುಂಯ್‌ಗುಟ್ಟುವಿಕೆ. ಟೈರ್‌ನೊಳಗಿನ ಗಾಳಿಯ ಕಂಬ ಸುಮಾರು 200 ಹರ್ಟ್ಜ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಒರಟು ಜಲ್ಲಿಯ ರಸ್ತೆಯಲ್ಲಿ ಒಂದು ಗಂಟೆ ಓಡಿಸಿದರೆ ಕಿವಿ ಕಟ್ಟಿದ ಹಾಗಾಗುವುದಕ್ಕೆ ಇದೂ ಒಂದು ಕಾರಣ. ಒಳಗೆ ಫೋಮ್ ಅಂಟಿಸಿದ ಟೈರ್‌ಗಳು ಈ ಸ್ವರವನ್ನು ಚೆನ್ನಾಗಿ ತಗ್ಗಿಸುತ್ತವೆ. ಆದರೆ ಪಂಕ್ಚರ್ ಹಾಕುವಾಗ ತೂತಿನ ಸುತ್ತಲಿನ ಫೋಮ್ ಕೆರೆದು ತೆಗೆದು ಒಳಗಿನಿಂದ ತೇಪೆ ಹಾಕಬೇಕು. ಅದು ಗೊತ್ತಿಲ್ಲದ ಕಡೆ ಕೊಡಬೇಡಿ.

20 ಇಳಿಸಿ 18 ಹಾಕಿದ ಮೇಲೆ ಇದು ಬೇರೆಯದೇ ಕಾರು. ಇಷ್ಟು ಕೆಳಗೆ ಕೂತು ಓಡಿಸುವ, ಇಷ್ಟು ಚುರುಕಾಗಿ ತಿರುಗುವ ಗಾಡಿ ಮುರುಕು ರಸ್ತೆಯ ಮೇಲೂ ಇಷ್ಟು ಸಮಾಧಾನವಾಗಿ ಹೋಗಬಹುದು ಎಂದು ನಂಬುವುದೇ ಕಷ್ಟ. ಸ್ಟೀರಿಂಗ್ ತಿರುಗಿಸಿದ ಆ ಮೊದಲ ಕ್ಷಣದ ಮೊನಚು ಸ್ವಲ್ಪ ಮೊಂಡಾಗುತ್ತದೆ, ನಿಜ. ತಿರುವಿನ ನಡುವೆ ಗುಂಡಿ ಸಿಕ್ಕಿದರೂ ಗಾಡಿ ಪಕ್ಕಕ್ಕೆ ಹಾರದೆ ಗೆರೆ ಹಿಡಿದೇ ಹೋಗುವುದು ಅದಕ್ಕೆ ಸಿಗುವ ಪ್ರತಿಫಲ. ಟೈರ್ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ವಾರಾಂತ್ಯಕ್ಕೆ ಮಾತ್ರ ನುಣುಪಾದ ರಸ್ತೆಗೆ ತೆಗೆಯುವವರು 20 ಇಟ್ಟುಕೊಳ್ಳಲಿ. ಕೆಲಸಕ್ಕೆ, ಸಂತೆಗೆ, ಮಕ್ಕಳ ಶಾಲೆಗೆ ಇದನ್ನೇ ಒಯ್ಯುವವರು 18 ಅಥವಾ ಹೆಚ್ಚೆಂದರೆ 19.

ಬದಲಾಯಿಸುವಾಗ ಒಂದಷ್ಟು ನೋಡಿಕೊಳ್ಳಬೇಕು. ದೊಡ್ಡ ಬ್ರೇಕಿನ ಆವೃತ್ತಿಗಳಲ್ಲಿ ಕ್ಯಾಲಿಪರ್‌ಗೆ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಚಿಕ್ಕ ರಿಮ್ ತಾಗಬಹುದು, ಹಾಗಾಗಿ ಮೊದಲು ಒಂದು ಚಕ್ರ ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಿ. ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು, ಟೈರ್‌ನ ಲೋಡ್ ಇಂಡೆಕ್ಸ್ (ಹೊರಬಲ್ಲ ಭಾರದ ಅಂಕಿ) ಅದರಲ್ಲಿ ಹೇಳಿದ್ದಕ್ಕಿಂತ ಕಡಿಮೆ ಆಗಬಾರದು. ಹೊಸ ಚಕ್ರದಲ್ಲೂ ಒತ್ತಡದ ಸೆನ್ಸರ್ ಇರಬೇಕು. ಹಾಕಿದ ಮೇಲೆ ಡ್ಯಾಷ್‌ಬೋರ್ಡಿನ ಮೆನುವಿನಲ್ಲಿ ಹೊಸ ಅಳತೆ ಆರಿಸದಿದ್ದರೆ ಎಚ್ಚರಿಕೆಯ ದೀಪ ಆರುವುದಿಲ್ಲ. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ 160 ನ್ಯೂಟನ್ ಮೀಟರಿಗೆ, ಎದುರುಬದುರು ಕ್ರಮದಲ್ಲಿ ಬಿಗಿದು, ಸುಮಾರು 50 ಕಿ.ಮೀ. ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ. ಗಾಳಿಯ ಗನ್‌ನಿಂದ ಬಿಗಿಸಿಕೊಂಡು ಹಾಗೇ ಬರಬೇಡಿ.

ಗಾಳಿ ನೋಡುವುದು ಈ ಕಾರಿನ ಮಟ್ಟಿಗೆ ಬೆಳಗಿನ ಕೆಲಸ. ರಾತ್ರಿಯಿಡೀ ನಿಂತ ಗಾಡಿ, ಬಿಸಿಲು ಬೀಳುವ ಮುನ್ನ, ನಾಲ್ಕೂ ಚಕ್ರ, ಹದಿನೈದು ದಿನಕ್ಕೊಮ್ಮೆ. ಉಷ್ಣಾಂಶ 10 ಡಿಗ್ರಿ ಏರಿಳಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರಿಳಿಯುತ್ತದೆ. ಓಡಿಸಿಕೊಂಡು ಬಂಕಿಗೆ ಹೋಗಿ, ಬಿಸಿ ಟೈರ್‌ನ ಒತ್ತಡ ಹೆಚ್ಚು ಕಂಡಿತೆಂದು ಗಾಳಿ ಬಿಟ್ಟರೆ ಮರುದಿನ ತಣ್ಣಗಾದಾಗ ಕಡಿಮೆ ಆಗಿರುತ್ತದೆ. ಮುಂದಕ್ಕೂ ಹಿಂದಕ್ಕೂ ಒತ್ತಡ ಬೇರೆ ಬೇರೆ, ನಾಲ್ಕಕ್ಕೂ ಒಂದೇ ಹಾಕಿಸಿದರೆ ಗಾಡಿಯ ನಡೆಯೇ ಕೆಡುತ್ತದೆ. ಕೈಪಿಡಿಯ ಅಂಕಿಗಿಂತ ಇಳಿಸಿ ಮೆತ್ತಗೆ ಮಾಡುವ ಹುಚ್ಚು ಬೇಡ. ರಿಮ್ ಸೊಟ್ಟಗಾಗುವ ಸುಲಭದ ದಾರಿ ಅದು.

ಶಾಕ್ ಅಬ್ಸಾರ್ಬರ್ ಬಿಗಿ ಮಾಡುವ ಪಿಎಎಸ್‌ಎಂ ಇರುವ ಗಾಡಿಯಾದರೆ ಅದರ ಬಟನ್ ಒತ್ತದೆ ನಾರ್ಮಲ್‌ನಲ್ಲೇ ಬಿಡಿ. ಉಬ್ಬುತಗ್ಗಿನ ರಸ್ತೆಯಲ್ಲಿ ಬಿಗಿ ಮಾಡಿದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಹಿಡಿತವೂ ಹೋಗುತ್ತದೆ, ಸುಖವೂ ಹೋಗುತ್ತದೆ. ಪಿಎಎಸ್‌ಎಂ ಜೊತೆ ಗಾಡಿ 10 ಮಿ.ಮೀ. ತಗ್ಗಾಗಿ ಬರುತ್ತದೆ ಎಂಬುದೂ ನೆನಪಿರಲಿ. ಹಂಪ್ ಬಂದಾಗ ದೂರದಲ್ಲೇ ವೇಗ ಇಳಿಸಿ, ಮುಂದಿನ ಚಕ್ರ ಹಂಪ್ ಮುಟ್ಟುವ ಮುಂಚೆಯೇ ಬ್ರೇಕ್ ಬಿಡಬೇಕು. ಬ್ರೇಕ್ ಒತ್ತಿಕೊಂಡೇ ಹತ್ತಿದರೆ ಮೂತಿ ತಗ್ಗಿ ಬಂಪರ್ ಕೆಳಗಿನ ತುಟಿ ಉಜ್ಜುತ್ತದೆ. ಕಡಿದಾದ ಇಳಿಜಾರಿನ ಗೇಟಿಗೆ ಓರೆಯಾಗಿ ಹೋಗಿ, ಒಂದೊಂದೇ ಚಕ್ರ ಹತ್ತಲಿ.

ಹತ್ತಿ ಇಳಿಯುವುದಕ್ಕೂ ಒಂದು ಕ್ರಮ ಇದೆ. ಬಾಗಿಲಿಗೆ ಬೆನ್ನು ಹಾಕಿ ಮೊದಲು ಕೂತುಬಿಡಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ಇಳಿಯುವಾಗ ಮೊದಲು ಎರಡೂ ಕಾಲು ಹೊರಗೆ ಊರಿ, ಆಮೇಲೆ ಏಳಿ. ಒಂದು ಕಾಲು ಹಾಕಿ ತೂರಿಕೊಂಡರೆ ಸೀಟಿನ ಪಕ್ಕದ ದಿಂಬು ಸವೆದು ಸುಕ್ಕಾಗುತ್ತದೆ, ಮಂಡಿಗೂ ನೋವು. ಬಾಗಿಲು ಉದ್ದ, ಆದ್ದರಿಂದ ಪಾರ್ಕಿಂಗಿನಲ್ಲಿ ಕೊನೆಯ ಜಾಗ ಅಥವಾ ಕಂಬದ ಪಕ್ಕ ಹುಡುಕುವುದು ರೂಢಿಯಾಗುತ್ತದೆ.

ಎರಡು ಡಿಕ್ಕಿ ಇರುವುದು ನಿಜಕ್ಕೂ ಅನುಕೂಲ. ಮುಂದಿನದು 150 ಲೀಟರ್, ಆಳವಾಗಿ ಬಾವಿಯ ಹಾಗಿದೆ. ಹಾಲು, ಸೊಪ್ಪು, ಔಷಧಿ ಅಲ್ಲಿಗೇ. ಹಿಂದಿನದು ಎಂಜಿನ್‌ಗೆ ಅಂಟಿಕೊಂಡಿರುವುದರಿಂದ ಬೆಚ್ಚಗಾಗುತ್ತದೆ, ಅಲ್ಲಿ ಬಟ್ಟೆ, ಚೀಲ, ಛತ್ರಿ. ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಹಾಕುವ ಬಾಯಿಗಳೂ ಹಿಂದಿನ ಡಿಕ್ಕಿಯಲ್ಲೇ ಇವೆ, ಸಾಮಾನು ಪೇರಿಸುವಾಗ ಅವನ್ನು ಮುಚ್ಚಿಹಾಕಬೇಡಿ. ಆಯಿಲ್ ನೋಡಲು ಡಿಪ್‌ಸ್ಟಿಕ್ ಇಲ್ಲ, ಮಟ್ಟ ಪರದೆಯಲ್ಲೇ ಬರುತ್ತದೆ; ಸಮತಟ್ಟು ಜಾಗದಲ್ಲಿ, ಎಂಜಿನ್ ಬಿಸಿಯಾದ ಮೇಲೆ ನೋಡಿ.

ಕೂಲೆಂಟ್‌ನ ಬಿಸಿ ತೋರಿಸುವ ಮುಳ್ಳು ಬೇಗ ಮೇಲೆ ಬರುತ್ತದೆ, ಆಯಿಲ್ ಬಿಸಿಯಾಗಲು ಅದಕ್ಕಿಂತ ಬಹಳ ಹೊತ್ತು ಬೇಕು. ಆಯಿಲ್ 80 ಡಿಗ್ರಿ ತೋರಿಸುವ ತನಕ ಎಂಜಿನ್ನನ್ನು ಜೋರಾಗಿ ದುಡಿಸಬಾರದು. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಆಯಿಲ್‌ನೊಳಗಿನ ತೇವ ಆರುವುದೇ ಇಲ್ಲ. ಅಂಥವರು ಕಿಲೋಮೀಟರ್ ತುಂಬದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಗೆ ಒಯ್ಯಬೇಕು.

ಎಂಜಿನ್ ನಡುವೆ ಇದ್ದರೂ ರೇಡಿಯೇಟರ್‌ಗಳು ಮುಂದಿನ ಬಂಪರ್‌ನ ಎರಡೂ ಬದಿಯ ಬಾಯಿಗಳ ಹಿಂದೆ ಇವೆ, ಅವುಗಳ ಮುಂದೆ ಎಸಿಯ ಕಂಡೆನ್ಸರ್. ಒಣಗಿದ ಎಲೆ, ಪ್ಲಾಸ್ಟಿಕ್ ಚೂರು, ಮಣ್ಣು ಒಳಗೆ ಸೇರಿ ಮಳೆಗಾಲದಲ್ಲಿ ಕೊಳೆತು ಅಲ್ಯೂಮಿನಿಯಂ ತಿನ್ನುತ್ತವೆ, ಒಂದು ದಿನ ಎಸಿ ಗಾಳಿ ಬಿಸಿ ಬರುತ್ತದೆ. ಮಳೆಗೆ ಮುಂಚೆ ಒಮ್ಮೆ, ಆಮೇಲೊಮ್ಮೆ ಟಾರ್ಚ್ ಹಾಕಿ ನೋಡಿ, ವ್ಯಾಕ್ಯೂಮ್‌ನ ಚಪ್ಪಟೆ ಮೂತಿಯಿಂದ ಎಳೆದು ತೆಗೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಅವುಗಳ ತೆಳು ಲೋಹದ ರೆಕ್ಕೆಗಳು ಮಡಚಿಹೋಗುತ್ತವೆ.

ಹಿಂದಿನ ಟೈರ್‌ಗಳ ಒಳ ಅಂಚು ಮೊದಲು ಸವೆಯುವುದು ಇಂಥ ಕಾರುಗಳ ಸ್ವಭಾವ. ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಸ್ವಲ್ಪ ತಿನ್ನುತ್ತದೆ, ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ್ದರೆ ಬಹಳ ಬೇಗ ತಿನ್ನುತ್ತದೆ. ಫೋನಿನ ಕ್ಯಾಮೆರಾ ಟೈರ್ ಹಿಂದೆ ತೂರಿಸಿ ತಿಂಗಳಿಗೊಂದು ಫೋಟೊ ತೆಗೆದರೆ ಸಾಕು. ಮುಂದೆ ಹಿಂದೆ ಅಳತೆ ಬೇರೆ, ಅದಲುಬದಲು ಮಾಡುವಂತಿಲ್ಲ. ಟೈರ್‌ನ ಗಾಡಿಯ ಆಳಕ್ಕೆ (ಪಟ್ಟಿಯ ಗೀರುಗಳ ಆಳ) ಕಾನೂನಿನ ಮಿತಿ ಹಲವು ಕಡೆ 1.6 ಮಿ.ಮೀ. ಇರಬಹುದು, ಆದರೆ ಅಗಲ ಟೈರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. 3 ಮಿ.ಮೀ.ಗೆ ಬದಲಿಸಿ.

ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಆ ಡಿಕ್ಕಿ ತೆರೆಯುವುದು ವಿದ್ಯುತ್ತಿನಿಂದ. ಕೆಲವು ವಾರ ನಿಲ್ಲಿಸಿ ಊರಿಗೆ ಹೋಗುವವರು ಮೇಂಟೇನರ್ (ಬ್ಯಾಟರಿ ಇಳಿಯದಂತೆ ಕಾಯುವ ಚಾರ್ಜರ್) ಹಾಕಿ ಹೋಗಿ. ಬ್ಯಾಟರಿ ಇಳಿದೇ ಹೋದರೆ ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯಲ್ಲಿ ಎಳೆದು ತೆಗೆಯುವ ಪ್ಲಸ್ ಕಡ್ಡಿಯೊಂದಿದೆ. ಅದಕ್ಕೆ ಹೊರಗಿನ 12 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನೂ ಬಾಗಿಲಿನ ಲೋಹದ ಕೊಂಡಿಗೆ ಮೈನಸ್ಸನ್ನೂ ಕೊಟ್ಟರೆ ಡಿಕ್ಕಿ ತೆರೆಯುವಷ್ಟು ಕರೆಂಟ್ ಸಿಗುತ್ತದೆ. ಅದರಿಂದ ಎಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ, ಜಂಪ್ ಕೊಡುವುದು ಡಿಕ್ಕಿ ತೆರೆದ ಮೇಲೆ ಬ್ಯಾಟರಿಗೇ.