ಹಾಯಿದೋಣಿಯ ಪೆಟ್ರೋಲ್ ಎಂಜಿನ್ನಿಗೆ ಶಿವಮೊಗ್ಗದ ಜೀಪ್ ಗ್ಯಾರೇಜು

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಹಳೆಯ ಪೆಟ್ರೋಲ್ ಜೀಪುಗಳ ಕೆಲಸವನ್ನೇ ಹೆಚ್ಚಾಗಿ ಮಾಡುವ ಒಂದು ಗ್ಯಾರೇಜಿದೆ. ಬಾಗಿಲ ಮೇಲೆ ಬೋರ್ಡಿಲ್ಲ. ವಿಲ್ಲೀಸ್ ಎಂಜಿನ್ ಬಿಚ್ಚುವ ಮೇಸ್ತ್ರಿ ಯಾರು ಎಂದು ವಿಚಾರಿಸಿದರೆ ಅಕ್ಕಪಕ್ಕದ ಟಿಂಕರಿಂಗ್ ಅಂಗಡಿಯವರು ತೋರಿಸುತ್ತಾರೆ. ಹೊನ್ನಾವರದ ಬಳಿ ಶರಾವತಿಯ ಅಳಿವೆಯಲ್ಲಿ ನಿಲ್ಲಿಸಿರುವ ನಮ್ಮ ಹಾಯಿದೋಣಿಯ ಎಂಜಿನ್ನನ್ನು ಘಟ್ಟ ಹತ್ತಿಸಿ ತಂದು ಸಂಪೂರ್ಣ ದುರಸ್ತಿಗೆ ಒಪ್ಪಿಸಿದ್ದು ಇವರಿಗೇ. ದೋಣಿಯ ಎಂಜಿನ್ನನ್ನು ಸಮುದ್ರ ಬಿಟ್ಟು ಮಲೆನಾಡಿಗೆ ತರುವುದೇಕೆ ಎಂದು ಕೇಳಿದವರು ಬಹಳ ಮಂದಿ. ಕರಾವಳಿಯ ಮೀನುಗಾರಿಕೆ ದೋಣಿಗಳಲ್ಲಿ ಒಳಗೆ ಕೂರಿಸುವ ಎಂಜಿನ್ ಎಂದರೆ ಡೀಸೆಲ್ ಎಂಜಿನ್. ಅಲ್ಲಿನ ಮೆಕ್ಯಾನಿಕರು ಅದರಲ್ಲಿ ಪಳಗಿದವರು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಇರುವ ಪೆಟ್ರೋಲ್ ಎಂಜಿನ್ ಕಂಡೊಡನೆ ‘ಇದನ್ನು ಕಿತ್ತುಹಾಕಿ ಡೀಸೆಲ್ ಕೂರಿಸಿ’ ಎಂಬ ಸಲಹೆಯಷ್ಟೇ ಅವರಿಂದ ಸಿಕ್ಕಿತು. ಆ ಸಲಹೆ ತಪ್ಪಲ್ಲ, ಆದರೆ ಅದರ ಖರ್ಚು ದೋಣಿಯ ಬೆಲೆಯನ್ನೇ ಮೀರುತ್ತಿತ್ತು.

ಎಂಜಿನ್ ಯಾವುದೆಂದು ಹೇಳದೆ ಕೆಲಸದ ಗುಣವನ್ನು ಅಳೆಯುವುದು ಸಾಧ್ಯವಿಲ್ಲ. ಇದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಶ್‌ಕೋಶ್ ಊರಿನ ಯೂನಿವರ್ಸಲ್ ಮೋಟಾರ್ ಕಂಪನಿ ತಯಾರಿಸಿದ ‘ಅಟಾಮಿಕ್ 4’. 1947ರಿಂದ 1984ರವರೆಗೆ ಸುಮಾರು 40,000 ಎಂಜಿನ್ನುಗಳು ಈ ಹೆಸರಿನಲ್ಲಿ ಹೊರಬಂದವು. ಒಂದು ಕಾಲದಲ್ಲಿ ಅಮೆರಿಕದ ಮಧ್ಯಮ ಗಾತ್ರದ ಹಾಯಿದೋಣಿಗಳಲ್ಲಿ ಎಲ್ಲೆಲ್ಲೂ ಇದೇ ಇರುತ್ತಿತ್ತು. 4 ಸಿಲಿಂಡರು, ಸುಮಾರು 1,056 ಸಿ.ಸಿ., ಗರಿಷ್ಠ 30 ಅಶ್ವಶಕ್ತಿ. ವಾಲ್ವುಗಳು ಹೆಡ್ಡಿನಲ್ಲಿರದೆ ಸಿಲಿಂಡರುಗಳ ಪಕ್ಕದಲ್ಲಿ ಬ್ಲಾಕಿನೊಳಗೇ ನಿಂತಿರುವುದರಿಂದ ಹೆಡ್ ಎಂಬುದು ಒಂದು ಚಪ್ಪಟೆ ಮುಚ್ಚಳ ಮಾತ್ರ. ಗೋವಾದಲ್ಲಿ ವಿದೇಶಿಯರೊಬ್ಬರು ಬಿಟ್ಟುಹೋದ ದೋಣಿಯ ಜೊತೆಗೆ ಇದು ನಮ್ಮ ಪಾಲಿಗೆ ಬಂತು.

ಹಳೆಯ ಜೀಪಿನ ಒಡನಾಟವಿರುವ ಮಲೆನಾಡಿನ ಓದುಗರಿಗೆ ಈ ವಿವರಣೆ ಕೇಳಿದಂತೆಯೇ ಅನ್ನಿಸಬಹುದು. ವಿಲ್ಲೀಸ್ ಜೀಪಿನ ಮೊದಲ ತಲೆಮಾರಿನ 2.2 ಲೀಟರಿನ ಎಂಜಿನ್ನೂ ಇದೇ ಮಾದರಿಯದು. ಅಲ್ಲಿಯೂ ಪಕ್ಕದ ವಾಲ್ವು, ಅಲ್ಲಿಯೂ ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಪಾಯಿಂಟು, ಕಂಡೆನ್ಸರು, ಯಾಂತ್ರಿಕ ಪೆಟ್ರೋಲ್ ಪಂಪು. ಅಡಿಕೆ ತೋಟ, ಕಾಫಿ ಎಸ್ಟೇಟುಗಳ ಜೀಪುಗಳನ್ನು ದಶಕಗಟ್ಟಲೆ ಓಡಿಸಿಟ್ಟ ಕೈಗಳಿಗೆ ಈ ಎಂಜಿನ್ನಿನ ಕಬ್ಬಿಣದಲ್ಲಿ ಹೊಸತೇನೂ ಇಲ್ಲ. ಹೊಸತಿರುವುದು ಅದರ ನೀರಿನಲ್ಲಿ ಮತ್ತು ಅದು ಕುಳಿತಿರುವ ಜಾಗದಲ್ಲಿ. ಈ ಗ್ಯಾರೇಜಿನ ಕೆಲಸ ಎಲ್ಲಿ ಅತ್ಯುತ್ತಮವಾಗಿತ್ತು, ಎಲ್ಲಿ ಕಣ್ಣಿಟ್ಟು ಕಾಯಬೇಕಾಯಿತು ಎಂಬ ಗೆರೆಯೂ ಸರಿಯಾಗಿ ಅಲ್ಲಿಯೇ ಬೀಳುತ್ತದೆ.

ಪಿಕಪ್ ವಾಹನದಿಂದ ಚೈನ್ ಬ್ಲಾಕಿನಲ್ಲಿ ಇಳಿಸಿದ ಎಂಜಿನ್ನಿನ ಸುತ್ತ ಮೇಸ್ತ್ರಿ ಒಮ್ಮೆ ಬಂದು, ಪ್ಲಗ್ಗನ್ನೂ ಮುಟ್ಟದೆ ಕೇಳಿದ ಮೊದಲ ಮಾತು ನನಗೆ ವಿಶ್ವಾಸ ತಂದಿತು: “ಸಾರ್, ಕಿಡಿ ಆಮೇಲೆ ನೋಡಿದ್ರಾಯ್ತು. ಮೊದ್ಲು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದೆ ಹೇಳಿ.” ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಹೊರಗಿನ ಉಪ್ಪುನೀರನ್ನೇ ರಬ್ಬರ್ ಇಂಪೆಲರಿನ (ರೆಕ್ಕೆಗಳಿರುವ ಚಕ್ರದ) ಪಂಪು ಎಳೆದು ಬ್ಲಾಕಿನೊಳಗೆ ಹರಿಸುತ್ತದೆ. ಬಿಸಿಯಾದ ಆ ನೀರನ್ನು ಕೊನೆಗೆ ಸೈಲೆನ್ಸರಿನ ಕೊಳವೆಗೆ ಬಿಟ್ಟು ಹೊಗೆಯ ಜೊತೆಗೇ ದೋಣಿಯ ಹೊರಗೆ ಚೆಲ್ಲಲಾಗುತ್ತದೆ. ಎಂಜಿನ್ ಹೊತ್ತಿಕೊಳ್ಳದೆ ಸ್ಟಾರ್ಟರನ್ನು ಬಹಳ ಹೊತ್ತು ತಿರುಗಿಸುತ್ತಲೇ ಇದ್ದರೆ ಪಂಪು ನೀರನ್ನು ತಳ್ಳುತ್ತಲೇ ಇರುತ್ತದೆ, ಆದರೆ ಅದನ್ನು ಹೊರಗೆ ದೂಡಲು ಹೊಗೆಯ ಒತ್ತಡವಿರುವುದಿಲ್ಲ. ಸೈಲೆನ್ಸರು ತುಂಬಿ, ನೀರು ಹಿಮ್ಮುಖವಾಗಿ ಹರಿದು, ತೆರೆದಿರುವ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೇ ಇಳಿಯುತ್ತದೆ. ಹೆಡ್ ತೆಗೆದಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವು ಅರ್ಧ ಮೇಲೆದ್ದ ಸ್ಥಿತಿಯಲ್ಲೇ ತುಕ್ಕು ಹಿಡಿದು ಜಾಮ್ ಆಗಿತ್ತು. ಇಂಥ ಎಂಜಿನ್ ಇಟ್ಟುಕೊಂಡವರು ಸ್ಟಾರ್ಟ್ ಆಗದಿದ್ದಾಗ ನೀರು ಒಳಬರುವ ಕವಾಟವನ್ನು ಮೊದಲು ಮುಚ್ಚಬೇಕು, ಎಂಜಿನ್ ಹೊತ್ತಿದ ಕೂಡಲೇ ತೆರೆಯಬೇಕು. ದೋಣಿಯ ಹಿಂದಿನ ಮಾಲೀಕರಲ್ಲಿ ಯಾರೋ ಇದನ್ನು ಮರೆತಿದ್ದಿರಬೇಕು.

ವಾಲ್ವನ್ನು ಬಿಡಿಸಿದ ಕ್ರಮವನ್ನು ನಾನು ಹತ್ತಿರ ಕುಳಿತು ನೋಡಿದೆ. ಸುತ್ತಿಗೆ ಎತ್ತಲೇ ಇಲ್ಲ. ಸೀಮೆಎಣ್ಣೆಗೆ ತೆಳುವಾದ ಎಣ್ಣೆ ಬೆರೆಸಿ ವಾಲ್ವಿನ ಕಾಂಡದ ಸುತ್ತ ಸುರಿದು, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಮರದ ತುಂಡಿನಿಂದ ಮೆಲ್ಲನೆ ಕೆಳಕ್ಕೆ ತಟ್ಟುವುದು, ಕೆಳಗಿನಿಂದ ಸ್ಕ್ರೂಡ್ರೈವರಿನಿಂದ ಮೀಟುವುದು, ಮತ್ತೆ ಎಣ್ಣೆ ಬಿಡುವುದು. ಕೂದಲೆಳೆಯಷ್ಟು ಅಲುಗಾಡಿದ ಮೇಲೆ ಮೇಸ್ತ್ರಿ ಅದನ್ನು ಬೆರಳಲ್ಲಿ ಹಿಡಿದು ತಿರುಗಿಸುತ್ತಲೇ ಹೊರತೆಗೆದರು. ಆಮೇಲೆ ಎಂಟೂ ವಾಲ್ವುಗಳನ್ನು ಪೇಸ್ಟ್ ಹಚ್ಚಿ ಸೀಟಿನ ಮೇಲೆ ಕೈಯಿಂದಲೇ ಉಜ್ಜಿ ಕೂರಿಸಿದರು. ಸೀಟಿನ ಸುತ್ತ ಬೂದು ಬಣ್ಣದ ಉಂಗುರ ಎಲ್ಲಿಯೂ ಕಡಿಯದೆ ಬಂದ ಮೇಲಷ್ಟೇ ಮುಂದಿನದಕ್ಕೆ ಹೋದರು.

ಬ್ಲಾಕಿನ ಪಕ್ಕದಲ್ಲಿ ನೀರಿನ ಕೋಣೆಗೆ ಒಂದು ತಗಡಿನ ಮುಚ್ಚಳವಿದೆ. ಅದರ ಬೋಲ್ಟುಗಳು ಉಪ್ಪುನೀರಿಗೆ ಎಷ್ಟು ಕೊಳೆತಿದ್ದವೆಂದರೆ ಸ್ಪಾನರ್ ಇಟ್ಟೊಡನೆ ಎರಡು ತುಂಡಾದವು. ತುಂಡಾದ ಬೋಲ್ಟಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ, ಆ ಶಾಖವಿರುವಾಗಲೇ ತಿರುಗಿಸಿ ತೆಗೆಯುವ ಉಪಾಯ ಈ ಗ್ಯಾರೇಜಿನಲ್ಲಿ ದಿನನಿತ್ಯದ್ದು. ಡ್ರಿಲ್ ಹಾಕಿ ಬ್ಲಾಕನ್ನು ಹಾಳುಮಾಡುವ ಗೋಜಿಗೆ ಹೋಗಲಿಲ್ಲ. ಮುಚ್ಚಳ ತೆಗೆದರೆ ಒಳಗೆ ತುಕ್ಕಿನ ಹಕ್ಕಳೆಗಳು ಪದರ ಪದರವಾಗಿ ತುಂಬಿ ನೀರಿನ ದಾರಿಯನ್ನು ಅರ್ಧದಷ್ಟು ಮುಚ್ಚಿದ್ದವು. ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು, ತಂತಿಯಿಂದ ಮೂಲೆಗಳನ್ನು ಕೆದಕಿ, ಕಂಪ್ರೆಸರ್ ಗಾಳಿಯಿಂದ ಊದಿ, ಉಳಿದದ್ದನ್ನು ವಿನಿಗರ್ ತುಂಬಿಟ್ಟು ಕರಗಿಸಿದರು. ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನೊಳಗೂ ಇದೇ ನೀರು ಓಡುವುದರಿಂದ ಅದರ ಬಾಯಿಗಳನ್ನು ಮುಚ್ಚಿ ಒತ್ತಡ ಕೊಟ್ಟು ಪರೀಕ್ಷಿಸಬೇಕು ಎಂದು ನಾನು ಹೇಳಿದಾಗ ರೇಡಿಯೇಟರ್ ಅಂಗಡಿಗೆ ಕಳಿಸಿ ಆ ಕೆಲಸವನ್ನೂ ಮಾಡಿಸಿದರು. ಎಲ್ಲಿಯೂ ಸೋರಲಿಲ್ಲ.

ಇನ್ನು ಅತೃಪ್ತಿಯ ಸಂಗತಿಗಳು. ಜೀಪಿನ ರೂಢಿ ಇಲ್ಲಿ ಉಪಕಾರದಷ್ಟೇ ಅಪಾಯವನ್ನೂ ತರುತ್ತದೆ. ಹೆಡ್ಡಿನ ನಟ್ಟುಗಳನ್ನು ಈ ಎಂಜಿನ್ನಿನಲ್ಲಿ 35 ಅಡಿ-ಪೌಂಡಿಗೆ, ಅದೂ ಹಂತಹಂತವಾಗಿ, ಬಿಗಿಯಬೇಕು; ಜೀಪಿಗೆ ಬೇಕಾದ ಬಿಗಿ ಇದಕ್ಕಿಂತ ಬಹಳ ಹೆಚ್ಚು. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಗ್ಯಾರೇಜಿನಲ್ಲಿತ್ತು, ಆದರೆ ಪೆಟ್ಟಿಗೆಯ ತಳದಲ್ಲಿತ್ತು. ಒತ್ತಾಯಿಸಿದ ಮೇಲೆ ಹೊರಗೆ ಬಂತು. ಪ್ಲಗ್ ವೈರುಗಳ ವಿಷಯದಲ್ಲಿಯೂ ಹಾಗೆಯೇ. ಜೀಪಿನಲ್ಲಿ ಕಿಡಿ ಹಾರುವ ಕ್ರಮ 1-3-4-2, ಅಟಾಮಿಕ್ 4ರಲ್ಲಿ 1-2-4-3. ಗ್ಯಾರೇಜಿನ ಹುಡುಗ ಕೈರೂಢಿಯಂತೆ ಜೀಪಿನ ಕ್ರಮದಲ್ಲಿ ಜೋಡಿಸಿದ್ದರಿಂದ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ಎರಡು ಸಿಲಿಂಡರುಗಳಲ್ಲಿ ಮಾತ್ರ ಓಡಿ, ಕಾರ್ಬೊರೇಟರಿನ ಬಾಯಿಯಿಂದ ಪಟಪಟನೆ ಸಿಡಿಯಿತು. ಮೇಸ್ತ್ರಿ ಬಂದು ಎರಡನೆಯ ಮತ್ತು ಮೂರನೆಯ ವೈರುಗಳನ್ನು ಅದಲುಬದಲು ಮಾಡಿದ್ದೇ ತಡ, ಸದ್ದು ನುಣುಪಾಯಿತು.

ಇದಕ್ಕಿಂತ ಗಂಭೀರವಾದದ್ದು ಕಿಡಿ ಮತ್ತು ಆವಿಯ ಪ್ರಶ್ನೆ. ಜೀಪಿನ ಎಂಜಿನ್ನಿನ ಕೆಳಗೆ ಮುಚ್ಚಿದ ತಳವಿರುವುದಿಲ್ಲ, ಸೋರಿದ ಪೆಟ್ರೋಲು ರಸ್ತೆಗೆ ಬಿದ್ದು ಆರಿಹೋಗುತ್ತದೆ. ದೋಣಿಯಲ್ಲಿ ಹಾಗಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ತಳದ ಗುಂಡಿಯಲ್ಲಿ ಇಳಿದು ನಿಲ್ಲುತ್ತದೆ, ಒಂದು ಕಿಡಿಗಾಗಿ ಕಾಯುತ್ತದೆ. ಆದ್ದರಿಂದಲೇ ದೋಣಿಯ ಆಲ್ಟರ್ನೇಟರು, ಸ್ಟಾರ್ಟರುಗಳನ್ನು ಒಳಗಿನ ಕಿಡಿಯಿಂದ ಹೊರಗಿನ ಆವಿ ಹೊತ್ತದಂತೆ ರಕ್ಷಣೆ ಕೊಟ್ಟು ಮಾಡಿರುತ್ತಾರೆ. ಕಾರ್ಬೊರೇಟರಿನ ಬಾಯಿಗೆ ಬೆಂಕಿಯ ನಾಲಗೆ ಹೊರಬರದಂತೆ ತಡೆಯುವ ಲೋಹದ ಜಾಲರಿಯಿರುತ್ತದೆ. ಆ ಜಾಲರಿಯನ್ನು ಪಕ್ಕಕ್ಕಿಟ್ಟು ಕಾರಿನ ಏರ್ ಕ್ಲೀನರ್ ಹಾಕೋಣ, ಆಲ್ಟರ್ನೇಟರ್ ಬದಲಿಗೆ ಕಡಿಮೆ ಬೆಲೆಯ ಕಾರಿನದು ಸಿಗುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದು ಸದುದ್ದೇಶದಿಂದಲೇ. ಕಾರಣ ವಿವರಿಸಿದಾಗ ಮೇಸ್ತ್ರಿ ಎರಡನೆಯ ಮಾತಿಲ್ಲದೆ ಒಪ್ಪಿದರು. ಆದರೆ ವಿವರಿಸಲು ಮಾಲೀಕರು ಅಲ್ಲಿರಬೇಕು. ಎಂಜಿನ್ ಬಿಟ್ಟುಹೋಗಿ, ಮುಗಿದಾಗ ಫೋನ್ ಮಾಡಿ ಎನ್ನುವವರಿಗೆ ಈ ಗ್ಯಾರೇಜನ್ನು ನಾನು ಹೇಳಲಾರೆ.

ಸೋರದಂತೆ ಹಚ್ಚುವ ಅಂಟಾದ ಅನಾಬಾಂಡಿನ ಮೇಲಿನ ಮೋಹವೂ ಸ್ವಲ್ಪ ಅತಿಯಾಯಿತು. ಪ್ಯಾಕಿಂಗ್ ಇದ್ದಲ್ಲಿಯೂ ಅದರ ಮೇಲೊಂದು ಗೆರೆ ಎಳೆಯುವುದು ನಮ್ಮ ಗ್ಯಾರೇಜುಗಳ ಸಾಮಾನ್ಯ ಪದ್ಧತಿ. ನೀರು ಬಿಸಿಯಾದಾಗ ತೆರೆದುಕೊಳ್ಳುವ ಕವಾಟವಾದ ಥರ್ಮೋಸ್ಟಾಟಿನ ಗೂಡಿನಲ್ಲಿ ಒಳಕ್ಕೆ ಉಬ್ಬಿದ್ದ ಅಂಟನ್ನು ನಾನೇ ಬಿಚ್ಚಿಸಿ ತೆಗೆಸಿದೆ, ಏಕೆಂದರೆ ಅದು ಕಳಚಿಕೊಂಡರೆ ಹೋಗಿ ಸಿಕ್ಕಿಕೊಳ್ಳುವುದು ಸಣ್ಣ ನೀರಿನ ದಾರಿಯಲ್ಲಿ. ಥರ್ಮೋಸ್ಟಾಟಿನ ಬಗ್ಗೆ ಹೇಳುವಾಗ ಇನ್ನೊಂದು ಮಾತು: ಉಪ್ಪುನೀರಿನಿಂದ ನೇರವಾಗಿ ತಣಿಯುವ ಎಂಜಿನ್ನಿಗೆ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೆ ತೆರೆಯುವ ಥರ್ಮೋಸ್ಟಾಟೇ ಬೇಕು. ಅದಕ್ಕಿಂತ ಬಿಸಿಯಾಗಿ ಓಡಿದರೆ ಉಪ್ಪು ಒಳಗೋಡೆಗೆ ಕಟ್ಟಿಕೊಳ್ಳತೊಡಗುತ್ತದೆ. ಅಂಗಡಿಯಲ್ಲಿ ಸಿಗುವ ಕಾರು, ಜೀಪುಗಳ ಥರ್ಮೋಸ್ಟಾಟು ಅಳತೆಗೆ ಕೂತರೂ ಕೆಲಸಕ್ಕೆ ಬಾರದು.

ಕಾರ್ಬೊರೇಟರಿನ ಕೆಲಸಕ್ಕೆ ಪೂರ್ಣ ಅಂಕ ಕೊಡಬೇಕು. ಇದರ ಝೆನಿತ್ ಕಾರ್ಬೊರೇಟರು ಮ್ಯಾನಿಫೋಲ್ಡಿನ ಕೆಳಗೆ ಕುಳಿತು ಮಿಶ್ರಣವನ್ನು ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಫ್ಲೋಟ್ ಸರಿಯಾಗಿ ಮುಚ್ಚದಿದ್ದರೆ ಪೆಟ್ರೋಲು ನೇರವಾಗಿ ದೋಣಿಯ ತಳಕ್ಕೆ ತೊಟ್ಟಿಕ್ಕುತ್ತದೆ. ಮೇಸ್ತ್ರಿ ಸೂಜಿ ಮತ್ತು ಸೀಟನ್ನು ಹೊಸದಾಗಿ ಹಾಕಿ, ಫ್ಲೋಟಿನ ಮಟ್ಟವನ್ನು ಹೊಂದಿಸಿ, ಪೆಟ್ರೋಲ್ ತುಂಬಿಸಿ, ಕೆಳಗೆ ಬಿಳಿ ಕಾಗದ ಹಾಸಿ ಇಡೀ ದಿನ ಹಾಗೆಯೇ ಬಿಟ್ಟರು. ಕಾಗದದ ಮೇಲೆ ಕಲೆ ಬೀಳಲಿಲ್ಲ. 2023ರ ಫೆಬ್ರುವರಿಯಲ್ಲಿ ಪರಿಚಯಿಸಿದ 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲು ಈಗ ಎಲ್ಲ ಬಂಕುಗಳಲ್ಲಿಯೂ ಸಾಮಾನ್ಯವಾಗಿದೆ. ಹಳೆಯ ರಬ್ಬರನ್ನು ಅದು ಮೆದುಮಾಡುತ್ತದೆ, ಮಳೆಗಾಲದ ತೇವವನ್ನು ಹೀರಿಕೊಂಡು ಟ್ಯಾಂಕಿನ ತಳದಲ್ಲಿ ನೀರಾಗಿ ಬೇರ್ಪಡುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಹೋಸುಗಳನ್ನೂ ಬದಲಿಸಿಯೇ ಬಿಡಿ ಎಂದು ಮೇಸ್ತ್ರಿ ತಾವಾಗಿಯೇ ಹೇಳಿದ್ದು, ಅವರು ರಿಪೇರಿ ಮಾಡುವ ಜೀಪುಗಳಲ್ಲಿ ಇದರ ಉಪದ್ರವ ಕಂಡಿದ್ದರಿಂದ.

ಎಂಜಿನ್ನನ್ನು ಕೊಡುವ ಮುನ್ನ ಆ್ಯಂಗಲ್ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಪಕ್ಕದಲ್ಲಿ ನೀಲಿ ಡ್ರಮ್ಮಿನಲ್ಲಿ ನೀರು ತುಂಬಿಸಿ, ಪಂಪಿನ ಹೋಸನ್ನು ಅದರಲ್ಲಿ ಮುಳುಗಿಸಿ ಓಡಿಸಿ ತೋರಿಸಿದರು. ಬಿಸಿ ನೀರು ಚರಂಡಿಗೆ ಹರಿಯುತ್ತಿತ್ತು. ಮೇಸ್ತ್ರಿ ಮೀಟರಿನ ಮುಳ್ಳನ್ನು ನಂಬದೆ ಹೊರಬರುವ ನೀರಿಗೆ ಕೈಯೊಡ್ಡಿ ನೋಡುತ್ತಿದ್ದರು. ಎಂಜಿನ್ ತಣಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಅದೇ 35ಕ್ಕೆ ಬಿಗಿದರು, ಈ ಸಲ ಯಾರೂ ಹೇಳಬೇಕಾಗಲಿಲ್ಲ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ 95 ಪಿ.ಎಸ್.ಐ. (ಚದರ ಇಂಚಿಗೆ ಪೌಂಡು) ಆಸುಪಾಸಿನಲ್ಲಿ ಬಂದಿತು, ಈ ವಯಸ್ಸಿನ ಅಟಾಮಿಕ್ 4ಕ್ಕೆ ಅದು ಚೆನ್ನಾಗಿಯೇ ಇದೆ.

ಕೂಲಿ ನ್ಯಾಯವಾದದ್ದು, ಆದರೆ ಬಿಲ್ ಎಂಬುದು ಸಿಗರೇಟ್ ಪ್ಯಾಕಿನ ಹಿಂಬದಿಯ ಲೆಕ್ಕ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ತೋಟದವರ ಜೀಪುಗಳೂ ಔಷಧಿ ಹೊಡೆಯುವ ಪಂಪುಗಳೂ ಸಾಲುಗಟ್ಟಿ ಬರುವುದರಿಂದ ಆ ದಿನಗಳಲ್ಲಿ ಒಪ್ಪಿಸುವುದು ವ್ಯರ್ಥ. ಹೆಡ್ ಪ್ಯಾಕಿಂಗು, ಇಂಪೆಲರು, ಥರ್ಮೋಸ್ಟಾಟು, ಕಾರ್ಬೊರೇಟರ್ ಕಿಟ್ಟು ಶಿವಮೊಗ್ಗದಲ್ಲಿ ಸಿಗುವುದಿಲ್ಲ; ಈ ಎಂಜಿನ್ನಿನ ಬಿಡಿಭಾಗಗಳನ್ನು ಈಗಲೂ ಮಾರುವ ಅಮೆರಿಕದ ಮೊಯರ್ ಮರೀನ್‌ನಿಂದ ಮೊದಲೇ ತರಿಸಿಕೊಂಡು, ಸರ್ವಿಸ್ ಮ್ಯಾನ್ಯುಯಲ್ಲಿನ ಅಳತೆಗಳ ಪುಟವನ್ನು ಕನ್ನಡದಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿಯೇ ಕೆಲಸ ಆರಂಭ ಮಾಡಿಸುವುದು ಒಳ್ಳೆಯದು. ರಿವರ್ಸ್ ಗೇರಿಗೂ ಎಂಜಿನ್ನಿಗೂ ಒಂದೇ ಆಯಿಲ್ ಎಂಬುದನ್ನು ಆ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

ದೋಣಿಗೆ ಮರಳಿ ಕೂರಿಸುವ ಕೆಲಸಕ್ಕೆ ಇವರು ಘಟ್ಟ ಇಳಿದು ಬರುವುದಿಲ್ಲ. ಪ್ರೊಪೆಲರ್ ಶಾಫ್ಟನ್ನೂ ಎಂಜಿನ್ನನ್ನೂ ಜೋಡಿಸುವ ಕಪ್ಲಿಂಗುಗಳ ಮುಖಗಳು ಸುತ್ತಲೂ ಸುಮಾರು 0.1 ಮಿ.ಮೀ. ಒಳಗೆ ಒಂದಕ್ಕೊಂದು ಸಮವಾಗಿ ಕೂರಬೇಕು. ಈ ಅಳತೆಯನ್ನು ದೋಣಿ ನೀರಿನಲ್ಲಿ ತೇಲುತ್ತಿರುವಾಗಲೇ ಸಂದಿನ ಅಗಲ ಅಳೆಯುವ ಫೀಲರ್ ಗೇಜಿನಿಂದ ತೆಗೆಯಬೇಕು. ಆ ಕೆಲಸಕ್ಕೆ ಹೊನ್ನಾವರದ ಡೀಸೆಲ್ ಮೆಕ್ಯಾನಿಕರೇ ಸರಿ. ಕಪ್ಲಿಂಗಿನ ವಿಷಯದಲ್ಲಿ ಪೆಟ್ರೋಲು, ಡೀಸೆಲ್ ಎಂಬ ಭೇದವಿಲ್ಲ.