ಎರಡೇ ಮೈಕು, ಒಂದು ಚಾಪೆಲ್: ವಾಟರ್ ಲಿಲಿ ಡಿಸ್ಕ್ ಕೊಳ್ಳುವವರಿಗೆ

ವಾಟರ್ ಲಿಲಿ ಅಕೌಸ್ಟಿಕ್ಸ್ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಪುಟ್ಟ ಲೇಬಲ್, ಅಂದರೆ ಧ್ವನಿಮುದ್ರಣ ಸಂಸ್ಥೆ. ಶ್ರೀಲಂಕಾ ಮೂಲದ ಕವಿಚಂದ್ರನ್ ಅಲೆಕ್ಸಾಂಡರ್ 1980ರ ದಶಕದಲ್ಲಿ ಇದನ್ನು ಕಟ್ಟಿದರು. ಅಲಿ ಅಕ್ಬರ್ ಖಾನರ ಸರೋದ್‌ನಿಂದ ಫಿಲಡೆಲ್ಫಿಯಾ ಆರ್ಕೆಸ್ಟ್ರಾದವರೆಗೆ ಏನೇನೋ ಧ್ವನಿಮುದ್ರಿಸಿದೆ. ಕಲಾವಿದರು ಬದಲಾದರೂ ಮುದ್ರಿಸುವ ಪಟ್ಟು ಬದಲಾಗಲಿಲ್ಲ. ಈ ಡಿಸ್ಕ್‌ಗಳ ಸೊಗಸೂ ತಕರಾರೂ ಎರಡೂ ಅದರಿಂದಲೇ.

ಹೆಸರು ತಂದುಕೊಟ್ಟದ್ದು ‘ಎ ಮೀಟಿಂಗ್ ಬೈ ದ ರಿವರ್’. ವಿಶ್ವಮೋಹನ ಭಟ್ಟರ ಮೋಹನ ವೀಣೆ (ಗಿಟಾರನ್ನೇ ಮಾರ್ಪಡಿಸಿ ಅವರು ರೂಪಿಸಿದ ವಾದ್ಯ), ಅಮೆರಿಕದ ರೈ ಕೂಡರ್ ಅವರ, ಕೊಳವೆ ಜಾರಿಸಿ ನುಡಿಸುವ ಬಾಟಲ್‌ನೆಕ್ ಗಿಟಾರ್, ಸುಖ್ವಿಂದರ್ ಸಿಂಗ್ ನಾಮ್‌ಧಾರಿ ತಬಲಾ, ಕೂಡರ್ ಮಗ ಜೋಕಿಮ್ ದುಂಬೆಕ್ (ಮಧ್ಯಪ್ರಾಚ್ಯದ ಒಂದು ಬಗೆಯ ಡೋಲು). 1992ರ ಸೆಪ್ಟೆಂಬರಿನಲ್ಲಿ ಸೇಂಟ್ ಆಂಥೊನಿ ಸೆಮಿನರಿಯ (ಪಾದ್ರಿಗಳ ಶಾಲೆ) ಪ್ರಾರ್ಥನಾ ಮಂದಿರವಾದ ಚಾಪೆಲ್‌ನಲ್ಲಿ ನುಡಿಸಿದ್ದು, 1993ರಲ್ಲಿ ಬಿಡುಗಡೆ, 1994ರಲ್ಲಿ ಗ್ರ್ಯಾಮಿ. ನಾಲ್ಕೇ ಕೃತಿ, ಒಟ್ಟು ಸುಮಾರು 40 ನಿಮಿಷ. ಲೇಬಲ್ಲನ್ನು ಅಳೆಯಬೇಕಾದರೆ ಇದರಿಂದಲೇ ಶುರು ಮಾಡಿ.

ಮುದ್ರಿಸಿದ ವಿಧಾನಕ್ಕೆ ಬ್ಲೂಮ್ಲೈನ್ ಜೋಡಿ ಎನ್ನುತ್ತಾರೆ. ಲಂಡನ್ನಿನ ಇಎಂಐ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯ. ಎಂಟರ ಆಕಾರದಲ್ಲಿ ಕೇಳಿಸಿಕೊಳ್ಳುವ, ಅಂದರೆ ಮುಂದಿನದೂ ಹಿಂದಿನದೂ ಹಿಡಿದು ಪಕ್ಕದ್ದನ್ನು ಬಿಡುವ ಎರಡು ಮೈಕುಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ 90 ಡಿಗ್ರಿ ಕೋನ ಬರುವಂತೆ ತಿರುಗಿಸುವುದು. ಅವೆರಡರ ಸದ್ದು ಟಿಮ್ ಡಿ ಪರವಿಚಿನಿ ಮಾಡಿಕೊಟ್ಟ ವಾಲ್ವ್ (ಗಾಜಿನ ನಿರ್ವಾತ ಕೊಳವೆಗಳ) ಉಪಕರಣಗಳನ್ನು ಹಾಯ್ದು ನೇರವಾಗಿ ಎರಡು ಟ್ರ್ಯಾಕಿನ ಅನಲಾಗ್ ಟೇಪಿಗೆ. ಮೇಲ್ಸ್ವರ ಕೆಳಸ್ವರ ಹೆಚ್ಚುಕಡಿಮೆ ಮಾಡುವ ಈಕ್ವಲೈಸರ್ ಇಲ್ಲ, ಜೋರು ಸದ್ದನ್ನು ಅದುಮುವ ಕಂಪ್ರೆಸರ್ ಇಲ್ಲ, ಟೇಪಿನ ಹಿಸ್ ತೆಗೆಯುವ ಪೆಟ್ಟಿಗೆಯೂ ಇಲ್ಲ.

ಇದರ ಅರ್ಥ ಏನೆಂದರೆ, ವಾದ್ಯಗಳ ಸದ್ದನ್ನು ಹದಗೊಳಿಸುವ ಮಿಕ್ಸಿಂಗ್ ಎಂಬ ಕೆಲಸ ಕುರ್ಚಿ ಸರಿಸುವುದರಲ್ಲೇ ಮುಗಿಯಬೇಕು. ತಬಲಾ ಜಾಸ್ತಿಯಾಯಿತೋ, ತಬಲಾದವರೇ ಒಂದಡಿ ಹಿಂದೆ ಹೋಗಬೇಕು. ಒಬ್ಬರದು ತಪ್ಪಿದರೆ ಅವರದೊಂದನ್ನೇ ಆಮೇಲೆ ತಿದ್ದಲಾಗದು. ಭಟ್ಟರೂ ಕೂಡರೂ ಮೊದಲ ಸಲ ಭೇಟಿಯಾದದ್ದೇ ನುಡಿಸುವುದಕ್ಕೆ ಅರ್ಧ ಗಂಟೆ ಮುಂಚೆ ಎನ್ನುವುದು ನೆನಪಿದ್ದರೆ ಇದು ಎಂಥ ಧೈರ್ಯ ಎಂದು ತಿಳಿಯುತ್ತದೆ.

ಫಲ ಮಾತ್ರ ಅಪರೂಪದ್ದು. ಮೋಹನ ವೀಣೆಯ ಮೀಂಡ್ (ಜಾರು) ನಿಂತ ಮೇಲೂ, ಮೀಟದೆಯೇ ತಾವಾಗಿ ಮಿಡಿಯುವ ಅದರ ತರಬ್ ತಂತಿಗಳು ಝೇಂಕರಿಸಿ, ಆ ಝೇಂಕಾರ ಚಾಪೆಲ್ಲಿನ ಗಾಳಿಯಲ್ಲಿ ಕರಗುವುದು ಕೇಳುತ್ತದೆ. ಕೂಡರ್ ಗಿಟಾರಿಗೆ ತರಬ್ ಇಲ್ಲ, ಸದ್ದು ದಪ್ಪ. ಎರಡೂ ಜಾರುವ ವಾದ್ಯವೇ ಆದರೂ ಗೊಂದಲವಾಗದಿರುವುದು ಇದರಿಂದ. ಒಂದೊಂದು ವಾದ್ಯದ ಮೂತಿಗೇ ಮೈಕ್ ಹಿಡಿದು ಮೇಲೆ ಕೃತಕ ರಿವರ್ಬ್ (ಅನುರಣನ) ಸುರಿದ ಕಚೇರಿ ಸಿ.ಡಿ.ಗಳಿಗೆ ಒಗ್ಗಿದ ಕಿವಿಗೆ ಮೊದಲು ಇದು ದೂರ ಅನ್ನಿಸುತ್ತದೆ. ತಬಲಾದ ಪೆಟ್ಟು ಮೆತ್ತಗಿದೆ, ಹಿಂದೆ ಕೂತಂತಿದೆ. ಇದು ನಿಜವಾದ ಕೊರತೆಯೇ: ಬ್ಲೂಮ್ಲೈನ್ ಮೈಕಿನ ಬೆನ್ನು ಕೋಣೆಯ ಅನುರಣನವನ್ನು ಎದುರಿನಷ್ಟೇ ಹಿಡಿಯುವುದರಿಂದ, ಮೈಕಿಗೆ ದೂರದಲ್ಲಿರುವವರು ಮಸುಕಾಗುತ್ತಾರೆ.

ಕೇಳಲು ಸ್ವಲ್ಪ ತಯಾರಿ ಬೇಕು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನ ಆಗಲಿ. ಟೇಪ್ ಹಿಡಿದು ಅಳೆಯಿರಿ. ಸ್ಪೀಕರುಗಳನ್ನು ಅವುಗಳ ಹಿಂದಿನ ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ತನ್ನಿ. ಕಂಪ್ರೆಸ್ ಮಾಡಿಲ್ಲವಾದ್ದರಿಂದ ಸದ್ದು ತಗ್ಗಿರುತ್ತದೆ, ವಾಲ್ಯೂಮ್ ಏರಿಸಿ. ವಾದ್ಯಗಳು ಎಲ್ಲಿವೆ ಎಂದೇ ಗೊತ್ತಾಗದೆ ಕೆಳ ಸ್ವರ ತೆಳುವಾಗಿದ್ದರೆ ಡಿಸ್ಕನ್ನು ಬೈಯುವ ಮೊದಲು ಸ್ಪೀಕರ್ ತಂತಿ ನೋಡಿ. ಒಂದು ಕಡೆ ಪ್ಲಸ್ಸು ಮೈನಸ್ಸು ಅದಲುಬದಲಾಗಿರುವುದೇ ಸಾಮಾನ್ಯ ಕಾರಣ. ಹೆಡ್‌ಫೋನಿನಲ್ಲಿ ಈ ಮುದ್ರಣ ಕುಗ್ಗುತ್ತದೆ: ಎರಡೂ ಮೈಕ್ ಒಂದೇ ಜಾಗದಲ್ಲಿದ್ದ ಕಾರಣ ಎಡಬಲಕ್ಕೆ ಸದ್ದಿನ ಮಟ್ಟದ ವ್ಯತ್ಯಾಸವಿದೆಯೇ ಹೊರತು ಕಾಲದ ವ್ಯತ್ಯಾಸವಿಲ್ಲ. ಅದೇ ಕಾರಣಕ್ಕೆ ಒಂಟಿ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದರೆ ಸ್ವರ ಕೆಡುವುದಿಲ್ಲ, ಚಾಪೆಲ್ ಮಾತ್ರ ಮಾಯ. ಕಾರಿನಲ್ಲಿ ಹಾಕಲೇಬೇಡಿ.

ಯಾವುದನ್ನು ಕೊಳ್ಳುವುದು? ಸಾಧಾರಣ ಸಿ.ಡಿ.ಯೇ ಸಾಕಷ್ಟು ಚೆನ್ನಾಗಿದೆ. ಅನಲಾಗ್ ಪ್ರೊಡಕ್ಷನ್ಸ್ ಕಂಪನಿ ಹೊರತಂದ 45 ಆರ್‌ಪಿಎಂನ (ನಿಮಿಷಕ್ಕೆ 45 ಸುತ್ತು) ಎರಡು ಎಲ್.ಪಿ. ಸೆಟ್ಟಿನಲ್ಲಿ ಮುಳ್ಳಿನ ಕೆಳಗೆ ಗ್ರೂವ್ (ಗೆರೆ) ಮಾಮೂಲಿ 33 ಆರ್‌ಪಿಎಂ ಎಲ್.ಪಿ.ಗಿಂತ ಸುಮಾರು 1.35 ಪಟ್ಟು ವೇಗವಾಗಿ ಓಡುವುದರಿಂದ ತಂತಿಯ ಮೇಲ್ಸ್ವರ ಸ್ವಚ್ಛ. ಆದರೆ ಹತ್ತು ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು, ಮಂಡಿನೋವಿನವರು ಯೋಚಿಸಿ. ಈ ಸೆಟ್ಟಿನ ಹಳೆಯ ಪ್ರತಿ ಕೊಳ್ಳುವಾಗ ಗೀರಿಗಿಂತ ಹೆಚ್ಚು ಹೆದರಬೇಕಾದದ್ದು ನಡುವಿನ ತೂತು ಓರೆಯಾಗಿರುವುದಕ್ಕೆ. ನೀಳವಾದ ಸ್ವರ ಸುಮಾರು 1.3 ಸೆಕೆಂಡಿಗೊಮ್ಮೆ ತೂಗಾಡಿದರೆ ಅದು ಗಮಕ ಅಲ್ಲ, ಡಿಸ್ಕಿನ ದೋಷ, ವಾಪಸು ಕೊಡಿ.

ಇದಾದ ಮೇಲೆ ಮುಂದಿನದಾಗಿ ‘ಮುಮ್ತಾಜ್ ಮಹಲ್’ ಹುಡುಕಿ. ಅದರಲ್ಲಿ ಬ್ಲೂಸ್ ಹಾಡುಗಾರ ತಾಜ್ ಮಹಲ್ ಮತ್ತು ಭಟ್ಟರ ಜೊತೆ ಮೈಸೂರಿನಲ್ಲಿ ಹುಟ್ಟಿದ ಎನ್. ರವಿಕಿರಣ್ ಚಿತ್ರವೀಣೆ ನುಡಿಸಿದ್ದಾರೆ. ನಮ್ಮ ಹಿರಿಯರು ಗೋಟುವಾದ್ಯ ಎನ್ನುತ್ತಿದ್ದರಲ್ಲ, ಅದೇ. ಹಾಡು ಹೆಚ್ಚು, ರಾಗ ಕಡಿಮೆ. ಆದರೆ ಮೋಹನ ವೀಣೆ, ಚಿತ್ರವೀಣೆ ಎರಡೂ ಒಟ್ಟಿಗೆ ಜಾರುವುದನ್ನು ಅಕ್ಕಪಕ್ಕ ಕೇಳಲು ಒಳ್ಳೆಯ ಅವಕಾಶ.